ಸೀರುಡಿಕೆ ಮಗ ಕೊಟ್ಟ ತೀರ್ಪು

ಜಾವಗಲ್ಲಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ದೇವೀರಪ್ಪನವರು ನಮ್ಮ ಅಪ್ಪ. ರೈತರಿಂದ ಕಾಯಿ ಕೊಂಡು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳಿದರೆ ಮಾತ್ರ ಸುಲಿಸಿ ಅರಸೀಕೆರೆಯ ಮಾರುಕಟ್ಟೆಗೆ ಕಳಿಸುತ್ತಾರೆ. ಹಸಿ ಕೊಬ್ಬರಿಯನ್ನು ಒಣ ಕೊಬ್ಬರಿಯ ಚೀಲದಲ್ಲಿ ಬೆರೆಸಿದವರಲ್ಲ. ತೂಕದಲ್ಲಿ ಮೋಸ ಮಾಡಿದರು ಎಂದು ಅವರ ಬಗ್ಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವುದಿಲ್ಲ. ಇಷ್ಟನ್ನು ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ಬರೆಯುವುದನ್ನು ಓದಿ ಅವರು ಕೆಟ್ಟವರು ಎಂದು ಯಾರೂ ತಿಳಿಯಬಾರದು.

ಅಪ್ಪನಿಗೆ ಒಂದು ಕನಸಿತ್ತು. ಈಗಿನ ಕಾನೂನೆಲ್ಲ ಹೋಗಿ, ನಮ್ಮ ಹಿಂದೂ ಧರ್ಮಶಾಸ್ತ್ರದ ಮೇಲೆ ನಿಂತ ಒಂದು ಸರ್ಕಾರ ಬರಬೇಕು ಎಂಬ ಕನಸು. ಅದಕ್ಕೆ ಅವರು ಧರ್ಮರಾಜ್ಯ ಎನ್ನುತ್ತಿದ್ದರು. ಈ ಕನಸು ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ತೋಟಕ್ಕೆ ಹೋಗುವ ಗಾಡಿದಾರಿಯನ್ನು ಪಕ್ಕದ ಜಮೀನಿನವರು ಬೇಲಿ ಹಾಕಿ ಮುಚ್ಚಿದ್ದರು. ಅದರ ಕೇಸು ಅಪ್ಪನ ತಲೆಗೂದಲು ಕಪ್ಪಗಿದ್ದಾಗ ಶುರುವಾಗಿ ನರೆತ ಮೇಲೂ ನಡೆಯುತ್ತಿತ್ತು. ಪ್ರತಿ ವಾಯಿದೆಗೂ ಬಸ್ಸು ಹತ್ತಿ ಹೋಗುವುದು, ಮುಂದಿನ ತಾರೀಕು ತೆಗೆದುಕೊಂಡು ಬರುವುದು. ಬಂದವರು ಚಪ್ಪಲಿ ಬಿಡುತ್ತಲೇ ಹೇಳುತ್ತಿದ್ದರು: "ಪಾಪದ ಭಯ ಇರೋ ನ್ಯಾಯಾಧೀಶ ಒಬ್ಬ ಇದ್ದಿದ್ರೆ ಒಂದು ಮಧ್ಯಾಹ್ನದ ಕೆಲಸ ಇದು."

ಸಂಜೆ ಅಂಗಡಿಯಲ್ಲಿ ಇದೇ ಮಾತು. ಕಾಲೇಜು ಬಿಟ್ಟು ಮನೆಯಲ್ಲಿದ್ದ ನನಗೆ ಧರ್ಮಶಾಸ್ತ್ರದ ಪುಸ್ತಕವನ್ನು ಗಟ್ಟಿಯಾಗಿ ಓದಿಹೇಳುವ ಕೆಲಸ ಕೊಟ್ಟಿದ್ದರು, ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಕಾಯಿ ತಂದು ಹಾಕಲು ಗೆಂಡೆಹಳ್ಳಿಯಿಂದ ಬರುತ್ತಿದ್ದ ಲಕ್ಕಪ್ಪನವರು ಚೀಲದ ಮೇಲೆ ಕೂತು ಕೇಳುತ್ತಿದ್ದರು. ಅವರು ಒಕ್ಕಲಿಗರು, ರಾಗಿ ಮತ್ತು ತೆಂಗು ಬೆಳೆಯುವವರು. ಅಪ್ಪನಿಗೂ ಅವರಿಗೂ ಬಹಳ ಕಾಲದ ಸಲಿಗೆ.

"ಸಾವ್ಕಾರ್ರೇ, ನಿಮ್ ಧರ್ಮರಾಜ್ಯದಲ್ಲಿ ಲಂಚ ತಗಂಡೋನಿಗೆ ಏನ್ ಶಿಕ್ಷೆ?"

"ಆಸ್ತಿ ಮುಟ್ಟುಗೋಲು. ಊರಿಂದ ಹೊರಗೆ."

"ಅಂಗಾದ್ರೆ ತಾಲೂಕಾಫೀಸಲ್ಲಿ ಕಸ ಗುಡ್ಸೋರೂ ಉಳಿಯಾಕಿಲ್ಲ ಬುಡಿ. ನಾವೇ ಹೋಗಿ ಗುಡ್ಸಬೇಕಾಯ್ತದೆ."

"ನಗು, ನಗು. ಬಂದ ದಿನ ಗೊತ್ತಾಗುತ್ತೆ."

"ಬರ್ಲಿ ಬುಡಿ. ನಮ್ಮಂಥ ನೇಗಿಲು ಹಿಡಿಯೋರ್ನ ಎಲ್ಲಿ ನಿಲ್ಲಿಸ್ತೀರಿ ಅಂತ ಮೊದ್ಲೇ ಹೇಳ್ಬುಡಿ. ಚಪ್ಪಲಿ ಬಿಡೋ ಜಾಗದಲ್ಲೋ, ಒಳಗೋ?"

ಅಪ್ಪನೂ ನಗುತ್ತಿದ್ದರು. ನಕ್ಕು, ಮುಂದಿನ ಪುಟ ಓದು ಎಂದು ನನಗೆ ಹೇಳುತ್ತಿದ್ದರು.

ಅಪ್ಪನ ಕನಸಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವರು ಯಾರಿಗೂ ಹೇಳಿದವರಲ್ಲ. ನನಗೆ ಅಮ್ಮ ಹೇಳಿದ್ದು.

ಅಪ್ಪನ ತಾಯಿ, ನಮ್ಮ ಅಜ್ಜಿ ಶಿವಗಂಗಮ್ಮ, ತಾತನಿಗೆ ಸೀರುಡಿಕೆಯಾಗಿ ಬಂದವಳು. ಈಗ ಆ ಮಾತೇ ಕಡಿಮೆಯಾಗಿದೆ. ಅಜ್ಜಿಗೆ ಚಿಕ್ಕ ವಯಸ್ಸಿನಲ್ಲೇ ಒಂದು ಮದುವೆಯಾಗಿತ್ತು. ಆ ಗಂಡ ಜ್ವರ ಬಂದು ಬೇಗ ತೀರಿಕೊಂಡರು. ಗಂಡ ಸತ್ತವಳಿಗೆ ಮತ್ತೆ ಸಂಸಾರ ಕಟ್ಟಿಕೊಡುವ ಪದ್ಧತಿ ನಮ್ಮವರಲ್ಲಿ ಹಿಂದಿನಿಂದಲೂ ಇತ್ತು. ಜಂಗಮರು ಬಂದು ಕೂರುತ್ತಾರೆ, ಗಂಡು ಒಂದು ಹೊಸ ಸೀರೆ ಕೊಡುತ್ತಾನೆ, ಅದನ್ನು ಉಡಿಸಿ ತಾಳಿ ಕಟ್ಟಿಸುತ್ತಾರೆ. ಅದೇ ಸೀರುಡಿಕೆ. ವಾಲಗವಿಲ್ಲ, ಚಪ್ಪರವಿಲ್ಲ, ಹಸೆಮಣೆಯಿಲ್ಲ. ಮುಸ್ಸಂಜೆಯ ಮೇಲೆ ಮನೆಯ ಹಿತ್ತಲ ಬದಿಯಲ್ಲಿ ಮುಗಿಸಿಬಿಡುತ್ತಿದ್ದರು. ಅಂದಿನಿಂದ ಅವಳು ಆ ಮನೆಯ ಹೆಂಡತಿಯೇ, ಹುಟ್ಟಿದ ಮಕ್ಕಳು ಆ ಮನೆಯ ಮಕ್ಕಳೇ. ಆದರೆ ಬೇರೆಯವರ ಮದುವೆಯಲ್ಲಿ ಮುತ್ತೈದೆಯರ ಸಾಲಿನಲ್ಲಿ ನಿಲ್ಲುವಂತಿಲ್ಲ. ಗಂಡ ಬದುಕಿದ್ದರೂ, ಕೊರಳಲ್ಲಿ ತಾಳಿ ಇದ್ದರೂ, ಆರತಿ ತಟ್ಟೆ ಮುಟ್ಟುವಂತಿಲ್ಲ. ನಮ್ಮವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಅಷ್ಟನ್ನು ಹಿಂದಕ್ಕೆ ಇಟ್ಟುಕೊಂಡಿದ್ದರು.

ಅಪ್ಪ ಪ್ರೈಮರಿ ಶಾಲೆಯಲ್ಲಿದ್ದಾಗ ಗೋಲಿ ಆಟದ ಜಗಳದಲ್ಲಿ ಒಬ್ಬ ಹುಡುಗ "ಹೋಗಲೋ ಸೀರುಡಿಕೆ ಮಗ" ಎಂದನಂತೆ. ಅದರ ಅರ್ಥವೇನೆಂದು ಅಪ್ಪ ಮನೆಗೆ ಬಂದು ಅಜ್ಜಿಯನ್ನೇ ಕೇಳಿದರಂತೆ. ಅಜ್ಜಿ ಹೇಳಿದಳಂತೆ. ಅಂದಿನಿಂದ ಅಪ್ಪ ಗೋಲಿ ಆಡಲು ಹೋಗಲಿಲ್ಲ. ಯಾರಿಗೂ ಬೆರಳು ತೋರಿಸಲು ಆಗದ ಹಾಗೆ ಬದುಕಬೇಕು ಎಂದು ಹಟ ಹಿಡಿದವರಂತೆ, ಪೂಜೆ, ಮಡಿ, ವ್ರತ ಎಲ್ಲವನ್ನೂ ಉಳಿದವರಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಮಾಡಿದರು. ಧರ್ಮಶಾಸ್ತ್ರದ ಪುಸ್ತಕ ಹಿಡಿದದ್ದೂ ಆ ಹಟದಲ್ಲೇ ಎಂದು ನನಗೆ ಈಗ ಅನ್ನಿಸುತ್ತದೆ.

ನಮ್ಮ ಅಕ್ಕ ಪ್ರತಿಮಾಗೆ ಅರಸೀಕೆರೆಯ ಕಡೆಯಿಂದ ಸಂಬಂಧ ಗೊತ್ತಾಯಿತು. ಗಂಡಿನ ಚಿಕ್ಕಪ್ಪ ಉದಯಕುಮಾರ್ ಎಂಬವರು ಅಪ್ಪನ ಜೊತೆಯವರು. ಅರಸೀಕೆರೆ, ಬೇಲೂರು, ಹಳೇಬೀಡಿನ ಹತ್ತಾರು ಜನ ಸೇರಿ ಧರ್ಮರಾಜ್ಯದ ವಿಚಾರ ಮಾತಾಡಲು ಕಟ್ಟಿಕೊಂಡ ಬಳಗವೊಂದಿತ್ತು. ಅದರ ಮುಂದಾಳು ಅವರು. ಸಂಬಂಧ ಕೂಡಿಸಿದ್ದೂ ಅವರೇ. ಅವರಿಗೆ ಅಜ್ಜಿಯ ವಿಷಯ ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ.

ನಿಶ್ಚಿತಾರ್ಥವಾದ ಮೇಲೆ ಅಕ್ಕ ಒಂದು ಮಾತು ಹಿಡಿದಳು. ಮದುವೆಯ ಹಿಂದಿನ ದಿನ ಹೆಣ್ಣಿಗೆ ಎಣ್ಣೆ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಐವರು ಮುತ್ತೈದೆಯರು ಬೇಕು. ತಾತ ಇದ್ದಾರಲ್ಲ, ಅದರಲ್ಲಿ ಒಬ್ಬಳು ಅಜ್ಜಿ ಆಗಬೇಕು.

"ನನ್ನ ಸಾಕಿದ್ದು ಅಜ್ಜಿ. ನನ್ನ ತಲೆಗೆ ಎಣ್ಣೆ ಹಾಕಿದ್ದು ಅಜ್ಜಿ. ಮದುವೆ ದಿನ ಮಾತ್ರ ಅಜ್ಜಿ ಕೈ ಆಗಲ್ಲ ಅಂದ್ರೆ ಹೇಗಪ್ಪ?" ಎಂದಳು.

ಅಪ್ಪ ಬಹಳ ದಿನ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು "ಆಗಲಿ, ಅವ್ವ ನಿಲ್ಲಲಿ" ಎಂದರು. ಅಜ್ಜಿ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಸ್ವಲ್ಪ ಹೊತ್ತು ನಿಂತುಹೋಯಿತು. ಆಮೇಲೆ ಮತ್ತೆ ಶುರುವಾಯಿತು. ಮರುದಿನ ಅಜ್ಜಿ ಟ್ರಂಕಿನಿಂದ ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹರಡಿದಳು.

ಮದುವೆಗೆ ಒಂದು ತಿಂಗಳಿದ್ದಾಗ ಬಳಗದವರು ಹಳೇಬೀಡಿನ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ ಇಟ್ಟುಕೊಂಡರು. ಧರ್ಮರಾಜ್ಯ ಬಂದರೆ ಹೇಗಿರುತ್ತದೆ ಎಂದು ಬರೀ ಭಾಷಣ ಮಾಡುವ ಬದಲು ಒಂದು ದಿನ ನಡೆಸಿಯೇ ತೋರಿಸುವುದು ಎಂದು ಅವರ ಯೋಚನೆ. ವೇದಿಕೆಯ ಮೇಲೆ ಉದಯಕುಮಾರ್ ಮಂತ್ರಿ, ಅಪ್ಪ ನ್ಯಾಯಾಧೀಶರು. ಜನ ತಮಗೆ ಬೇಕಾದ ವ್ಯಾಜ್ಯ ತರಬಹುದು, ಶಾಸ್ತ್ರ ನೋಡಿ ಅಲ್ಲೇ ತೀರ್ಪು.

ಮಗ ನ್ಯಾಯಾಧೀಶನಾಗಿ ಕೂರುವುದನ್ನು ನೋಡಬೇಕೆಂದು ಅಜ್ಜಿಯೂ ಹೊರಟಳು. ಆ ಹಸಿರು ಸೀರೆಯನ್ನೇ ಉಟ್ಟಳು. ಲಕ್ಕಪ್ಪನವರೂ ಗೆಂಡೆಹಳ್ಳಿಯಿಂದ ಬಂದಿದ್ದರು. ಹೆಗಲ ಮೇಲೆ ಶಾಲು ಹೊದ್ದು ಎತ್ತರದ ಕುರ್ಚಿಯಲ್ಲಿ ಕೂತ ಅಪ್ಪನನ್ನು ನೋಡಿ ಅಜ್ಜಿ ನನ್ನ ಕೈ ಅದುಮಿ, "ನೋಡು, ನಿಮ್ಮಪ್ಪ ಥೇಟು ರಾಜನ್ನ ಕಂಡಂಗೆ ಕಾಣ್ತಾನೆ," ಎಂದಳು.

ಮೊದಲು ಹಾಲಿಗೆ ನೀರು ಬೆರೆಸಿದವನ ವ್ಯಾಜ್ಯ ಬಂತು. ಆಮೇಲೆ ಅಣ್ಣತಮ್ಮಂದಿರ ಬದುವಿನ ಜಗಳ. ಅಪ್ಪ ತಡವರಿಸದೆ ತೀರ್ಪು ಕೊಟ್ಟರು, ಜನ ಚಪ್ಪಾಳೆ ತಟ್ಟಿದರು. ಆಗ ಲಕ್ಕಪ್ಪನವರು ಎದ್ದುನಿಂತರು. ತಮಾಷೆ ಮಾಡುತ್ತಾರೆ ಎಂದುಕೊಂಡು ಜನ ಮೊದಲೇ ನಕ್ಕರು. ಅವರು ನಗಲಿಲ್ಲ.

"ಸ್ವಾಮಿ, ನನ್ ತಂಗಿ ಚಲುವಮ್ಮ. ಗಂಡ ಹೋಗಿ ಎರಡು ಉಗಾದಿ ಆಯ್ತು. ಇನ್ನೂ ಚಿಕ್ಕ ಪ್ರಾಯ. ಒಬ್ಬ ಒಳ್ಳೇ ಮನುಷ್ಯ ಕೇಳ್ತಾವ್ನೆ, ಅವನ್ಗೂ ಹೆಂಡ್ರು ಹೋಗವ್ಳೆ. ನಮ್ಮೋರಲ್ಲಿ ಕೂಡಾವಳಿ ಅಂತ ಮಾಡ್ಕತೀವಿ. ನಿಮ್ ಸರ್ಕಾರದಲ್ಲಿ ಅದು ನಡೀತದೋ, ಇಲ್ವೋ?"

ಆ ಪುಸ್ತಕದಲ್ಲಿ ಈ ವಿಷಯ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಓದಿಹೇಳಿದವಳು ನಾನೇ. ಹೆಣ್ಣನ್ನು ಒಮ್ಮೆ ಮಾತ್ರ ದಾನ ಕೊಡಬಹುದು ಎಂದು ಅಲ್ಲಿ ಬರೆದಿತ್ತು. ಅದರ ಕೆಳಗೇ, ಗಂಡ ಸತ್ತರೆ ಅಥವಾ ಬಿಟ್ಟುಹೋದರೆ ಇನ್ನೊಬ್ಬ ಗಂಡ ಆಗಬಹುದು ಎಂದು ಬೇರೊಬ್ಬ ಋಷಿ ಹೇಳಿದ್ದಾನೆ ಎಂದೂ ಬರೆದಿತ್ತು. ಅಪ್ಪ ಎರಡನ್ನೂ ಕೇಳಿದ್ದರು. ಎರಡನೆಯದನ್ನು ಇನ್ನೊಮ್ಮೆ ಓದು ಎಂದು ಹೇಳಿ ಕೇಳಿದ್ದರು.

ಅಪ್ಪ ಸಭೆಯ ಕಡೆ ನೋಡಿದರು. ಅಜ್ಜಿ ಕೂತ ಕಡೆ ನೋಡಲಿಲ್ಲ.

"ಕನ್ಯಾದಾನ ಅನ್ನೋದು ಒಂದೇ ಸಲ. ಕೊಟ್ಟ ದಾನವನ್ನ ವಾಪಸ್ ತಗೊಂಡು ಇನ್ನೊಬ್ಬರಿಗೆ ಕೊಡೋದಕ್ಕೆ ಆಗಲ್ಲ. ಧರ್ಮರಾಜ್ಯದಲ್ಲಿ ಅದು ಮದುವೆ ಅನ್ನಿಸಿಕೊಳ್ಳೋದಿಲ್ಲ," ಎಂದರು. ಗಂಟಲು ಗಟ್ಟಿಯಾಗಿಯೇ ಇತ್ತು.

ಚಪ್ಪಾಳೆ ಬಿತ್ತು. ಅದರ ನಡುವೆ ಅಜ್ಜಿ ಎದ್ದಳು. ನಾನು ಸೆರಗು ಹಿಡಿದು ಕೂರಿಸಲು ನೋಡಿದೆ, ಬಿಡಿಸಿಕೊಂಡಳು.

"ಸ್ವಾಮಿ, ನಂದೊಂದು ಕೇಳಾದೈತೆ."

ಅಲ್ಲಿದ್ದವರಿಗೆ ಅವಳು ಯಾರೋ ಹಳ್ಳಿಯ ಮುದುಕಿ. ಅವಳು ನ್ಯಾಯಾಧೀಶರ ತಾಯಿ ಎಂದು ನಮ್ಮ ಮನೆಯವರಿಗೆ, ಲಕ್ಕಪ್ಪನವರಿಗೆ, ಉದಯಕುಮಾರ್ ಅವರಿಗೆ ಬಿಟ್ಟರೆ ತಿಳಿಯದು. ಅವಳ ಸೀರುಡಿಕೆಯ ವಿಷಯ ಅಲ್ಲಿ ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು.

"ಕೇಳಿ ತಾಯಿ, ಕೇಳಿ," ಎಂದು ಉದಯಕುಮಾರ್ ಖುಷಿಯಿಂದ ಹೇಳಿದರು.

"ಅಂಥ ಹೆಂಗಸು ಆಗ್ಲೇ ಇನ್ನೊಬ್ಬನ ಕೈಲಿ ತಾಳಿ ಕಟ್ಟಿಸ್ಕಂಡು ಮಗನ್ನ ಹೆತ್ತು ದೊಡ್ಡೋನ್ನ ಮಾಡಿದ್ರೆ? ಆ ಮಗ ಯಾರ ಮಗ?"

ಅಪ್ಪ ಶಾಲು ಸರಿಮಾಡಿಕೊಂಡರು. ಮತ್ತೆ ಸರಿಮಾಡಿಕೊಂಡರು. ಉದಯಕುಮಾರ್ ಪಕ್ಕದಿಂದ ಬಗ್ಗಿ, "ಶಾಸ್ತ್ರದಲ್ಲಿ ಇರೋದನ್ನೇ ಹೇಳಿ, ಸಂಕೋಚ ಯಾಕೆ?" ಎಂದದ್ದು ಮೈಕಿನಲ್ಲಿ ಕೇಳಿಸಿತು.

"ಅಂಥ ಮಗನಿಗೆ... ತಂದೆಗೆ ಪಿಂಡ ಹಾಕೋ ಅಧಿಕಾರ ಇಲ್ಲ," ಎಂದರು ಅಪ್ಪ.

ಹಿಂದಿನಿಂದ ಲಕ್ಕಪ್ಪನವರ ದನಿ ಬಂತು: "ಅಯ್ಯೋ ಸಾವ್ಕಾರ್ರೇ, ನಿಮ್ಮೋರಲ್ಲಿ ಪಿಂಡಾನೇ ಇಲ್ವಲ್ಲ! ಕೈಲಿ ಲಿಂಗ ಇಟ್ಟು ಕೂರ್ಸಿ ಮಣ್ಣು ಮಾಡ್ತೀರಿ. ಯಾರ ಮನೆ ಪುಸ್ತಕ ತಂದು ಓದ್ತಿದೀರಿ?"

ಸಭೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ಅಪ್ಪನೂ ನಕ್ಕಂತೆ ಮಾಡಿದರು. ಅಜ್ಜಿ ಮಾತ್ರ ನಗು ಮುಗಿಯುವವರೆಗೆ ನಿಂತಿದ್ದು, ಕೈ ಮುಗಿದು, "ಆಯ್ತು ಸ್ವಾಮಿ, ತಿಳೀತು," ಎಂದು ಕೂತಳು. ಹೆತ್ತ ಮಗನಿಗೆ ಕೈ ಮುಗಿದಿದ್ದಳು. ಅಲ್ಲಿಂದ ಎದ್ದು ಓಡಿಹೋಗಬೇಕು ಎನ್ನಿಸಿತು ನನಗೆ. ಅಪ್ಪನ ಮಗಳು ಎಂದು ಯಾರಾದರೂ ಗುರುತು ಹಿಡಿದಾರೋ ಎಂದು ತಲೆ ಬಗ್ಗಿಸಿ ಕೂತೆ.

ಹೊರಗೆ ಲಕ್ಕಪ್ಪನವರು ಅಪ್ಪನನ್ನು ತಡೆದು, "ನಿಮ್ ರಾಜ್ಯ ಬರೋದ್ರೊಳಗೆ ನಮ್ ಚಲುವೀನ ಕೊಟ್ಟುಬುಡ್ತೀನಿ. ಬಂದ್ಮೇಲೆ ನನ್ ಹಿಡಿಯಾಕೆ ಬರಬೇಡಿ," ಎಂದು ಬೆನ್ನು ತಟ್ಟಿ ಹೋದರು. ಅಜ್ಜಿ ಅಲ್ಲಿ ಊಟ ಮಾಡಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮನೆಗೆ ಬಂದವಳೇ ಸೀರೆ ಮಡಿಸಿ ಟ್ರಂಕಿನಲ್ಲಿಟ್ಟಳು. ಅಕ್ಕನನ್ನು ಕರೆದು, "ಕೂಸೇ, ಶಾಸ್ತ್ರಕ್ಕೆ ನಾನು ನಿಲ್ಲಾಕಿಲ್ಲ. ಬೇರೆ ಯಾರ್ನಾರ ನೋಡ್ಕಳಿ," ಎಂದಳು.

ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅವ್ವ, ಅದು ಆಟ. ನಾಟಕ ಇದ್ದಂಗೆ," ಎಂದರು.

"ನಾಟಕದಲ್ಲಿ ಆದ್ರೂ ನಿನ್ ಬಾಯಲ್ಲಿ ಬೇರೆ ಮಾತು ಬರಲಿಲ್ವಲ್ಲ ಮಗ."

ಜಗುಲಿಯಲ್ಲಿ ಕೂತಿದ್ದ ತಾತ ನಂಜಪ್ಪನವರು ಮಾತಾಡುವುದೇ ಅಪರೂಪ. ಅಂದು ಕೂತಲ್ಲಿಂದಲೇ ಹೇಳಿದರು: "ನಾನು ಕಟ್ಟಿದ ತಾಳಿ ಕಣೋ ಅದು. ಎರಡ್ನೇದು ಅಂತ ಕೈಗೇನು ಹಗುರ ಇರ್ಲಿಲ್ಲ."

ಅಪ್ಪ ಹೊಸ್ತಿಲ ಮೇಲೆ ಕೂತರು. ನಿಧಾನವಾಗಿ ಹೇಳಿದರು: "ಪುಸ್ತಕದಲ್ಲಿ ಆಗಬಹುದು ಅಂತಾನೂ ಇತ್ತು ಅವ್ವ. ಅದನ್ನ ಹೇಳೋಣ ಅಂತ ಬಾಯಿಗೆ ಬಂತು. ಹಾಗೆ ಹೇಳಿದ್ರೆ, ನಾಳೆ ಯಾರಿಗಾದ್ರೂ ಗೊತ್ತಾದಾಗ, ಇವನು ಅವರವ್ವನಿಗೋಸ್ಕರ ಶಾಸ್ತ್ರ ಬಗ್ಗಿಸಿದ ಅಂತಾರೆ ಅನ್ನಿಸ್ತು. ಅದಕ್ಕೆ ಬಿಟ್ಟೆ."

ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು ಅವರನ್ನೇ ನೋಡಿದಳು.

"ಅಂದ್ರೆ ಆ ರಾಜ್ಯ ಬಂದ್ರೂ ನಿನ್ಗೆ ಮೊದ್ಲು ಇರೋದು ಅವರೇನಂತಾರೆ ಅನ್ನೋದೇ."

ಅಕ್ಕ ಅಳಲು ಶುರುಮಾಡಿದಳು. ಅವಳ ಅಳು ನೋಡಲಾರದೆ ಅಜ್ಜಿ ಸ್ವಲ್ಪ ಮೆತ್ತಗಾದಳು.

"ನೋಡು ದೇವೀರ, ಗಂಡಿನ ಮನೆಯೋರಿಗೆ ನನ್ ವಿಷ್ಯ ಹೇಳಿದ್ದೀಯಾ?"

"ಇಲ್ಲ."

"ಹೇಳು. ನಮ್ಮವ್ವ ಇಂಥೋಳು, ನಮ್ ಮಗಳು ಅವಳೇ ಬೇಕು ಅಂತಾಳೆ ಅಂತ ನಿನ್ ಬಾಯಲ್ಲೇ ಹೇಳು. ಹೇಳಿ ಕರೆದ್ರೆ ಬತ್ತೀನಿ. ಕದ್ದು ನಿಂತ್ಕಳ್ಳಾಕೆ ನನ್ ಕೈಲಾಗಾಕಿಲ್ಲ."

"ಹೇಳ್ತೀನಿ ಅವ್ವ," ಎಂದರು ಅಪ್ಪ.

ಹೇಳಲಿಲ್ಲ. ಎಷ್ಟೋ ಸಲ ಫೋನು ಕೈಯಲ್ಲಿ ಹಿಡಿದು ಅಂಗಡಿಯ ಹಿಂದೆ ಹೋದರು. ಉದಯಕುಮಾರ್ ಅವರೇ ಫೋನು ಮಾಡಿದಾಗ ಛತ್ರದ ವಿಷಯ, ಅಡಿಗೆಯವರ ವಿಷಯ ಮಾತಾಡಿದರು. ಬಟ್ಟೆ ತೆಗೆಯಲು ಅರಸೀಕೆರೆಗೆ ಹೋದಾಗ ಅವರ ಮನೆಯಲ್ಲೇ ಊಟ ಮಾಡಿದರು. ವಾಪಸು ಬಂದಾಗ ಅಮ್ಮ "ಹೇಳಿದ್ರಾ?" ಎಂದು ಕೇಳಿದಳು. "ಎಲ್ಲರೂ ಇದ್ರು" ಎಂದರು. ಆ ಮಾತಾದ ಮೇಲೆ ಅಮ್ಮ ಅವರನ್ನು ಕೇಳುವುದನ್ನೇ ಬಿಟ್ಟಳು. ಅಜ್ಜಿಯಂತೂ ಕೇಳಲೇ ಇಲ್ಲ. ಕೇಳದೆ ಇರುವುದೇ ಅಪ್ಪನಿಗೆ ಹೆಚ್ಚು ಕಷ್ಟವಾಗಿತ್ತು ಎಂದು ಅವರು ಮನೆಯಲ್ಲಿ ಓಡಾಡುತ್ತಿದ್ದ ರೀತಿಯಲ್ಲೇ ಕಾಣುತ್ತಿತ್ತು. ಅಜ್ಜಿ ಇರುವ ಕೋಣೆಗೆ ಬರುವ ಮೊದಲು ಕೆಮ್ಮುತ್ತಿದ್ದರು. ಬಂದು, ಬೇಡದ ಏನನ್ನೋ ಹುಡುಕಿ ಹೋಗುತ್ತಿದ್ದರು.

ಮದುವೆ ಅರಸೀಕೆರೆಯ ಛತ್ರದಲ್ಲಿ. ಹಿಂದಿನ ದಿನ ಮಧ್ಯಾಹ್ನ ಎಣ್ಣೆ ಅರಿಶಿನದ ಶಾಸ್ತ್ರ. ಅಕ್ಕನನ್ನು ಹಸೆಮಣೆಯ ಮೇಲೆ ಕೂರಿಸಿದ್ದೆವು. ಗಂಡಿನ ಕಡೆಯಿಂದ ಉದಯಕುಮಾರ್ ಅವರ ಹೆಂಡತಿ ಮಹದೇವಮ್ಮನವರೂ ಇನ್ನೊಬ್ಬ ಹೆಂಗಸೂ ಶಾಸ್ತ್ರಕ್ಕೆ ಸೇರಲು ಬಂದಿದ್ದರು. ನಮ್ಮ ಕಡೆಯಿಂದ ಅಮ್ಮ ಮತ್ತು ಸೋದರತ್ತೆ. ಒಟ್ಟು ನಾಲ್ವರು.

"ಐದ್ನೇಯವರು ಯಾರು?" ಎಂದು ಮಹದೇವಮ್ಮನವರು ಕೇಳಿದರು. "ಬೀಗರೇ, ನಿಮ್ಮ ತಾಯಿ ಮುತ್ತೈದೆ ಅಲ್ವೇನ್ರೀ? ನಿಮ್ಮ ತಂದೆಯವರು ಹೊರಗೆ ಕೂತಿದ್ದು ನೋಡಿದ್ನಲ್ಲ. ಹಿರಿಯರ ಕೈ ತಾಗಿದ್ರೆ ಒಳ್ಳೇದು, ಕರೀರಿ."

ಅಕ್ಕ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅಮ್ಮನೂ ನೋಡಿದಳು. ಬಾಗಿಲ ಬಳಿ ಉದಯಕುಮಾರ್ ನಿಂತಿದ್ದರು. ಅವರು ತಮ್ಮವರೊಬ್ಬರಿಗೆ ಅಪ್ಪನನ್ನು ತೋರಿಸಿ, "ಹಳೇಬೀಡಲ್ಲಿ ತೀರ್ಪು ಕೊಟ್ರು ಅಂದ್ನಲ್ಲ, ಇವರೇ. ಒಂದಿಷ್ಟೂ ಹಿಂದೆಮುಂದೆ ನೋಡಲಿಲ್ಲ," ಎಂದು ಆಗತಾನೇ ಹೊಗಳಿ ಮುಗಿಸಿದ್ದರು.

ಅಪ್ಪ ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಅವ್ವನಿಗೆ ಮಂಡಿ ನೋವು. ನಿಂತ್ಕೊಳ್ಳೋಕೆ ಆಗಲ್ಲ," ಎಂದರು.

ಅದೇ ಹೊತ್ತಿಗೆ ಅಜ್ಜಿ ಒಳಕೋಣೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಶಾಸ್ತ್ರಕ್ಕೆ ಎಣ್ಣೆ ಬೆಚ್ಚಗೆ ಮಾಡುವ ಕೆಲಸ ತಾನೇ ವಹಿಸಿಕೊಂಡಿದ್ದಳು. ಎರಡು ಕೈಯಲ್ಲೂ ಎಣ್ಣೆ ಬಟ್ಟಲು ಹಿಡಿದು ನೆಟ್ಟಗೆ ನಿಂತಿದ್ದಳು. ಹಳೆಯ ಹತ್ತಿ ಸೀರೆ ಉಟ್ಟಿದ್ದಳು.

"ಅಯ್ಯೋ, ಚೆನ್ನಾಗಿ ನಿಂತೇ ಅವ್ರಲ್ರೀ!" ಎಂದು ಮಹದೇವಮ್ಮನವರು ನಕ್ಕರು. ಎಲ್ಲರೂ ನಕ್ಕರು.

ಅಜ್ಜಿ ನಗಲಿಲ್ಲ. ಬಟ್ಟಲು ಹಿಡಿದೇ ಅಪ್ಪನನ್ನು ನೋಡುತ್ತ ನಿಂತಳು. ನನಗೆ ಆ ನೋಟ ತಡೆಯಲಾಗಲಿಲ್ಲ. ಅದರಲ್ಲಿ ಸಿಟ್ಟಿದ್ದಿದ್ದರೆ ತಡೆಯಬಹುದಿತ್ತು.

ಅಪ್ಪ ಗೋಡೆಗೆ ಒಂದು ಕೈ ಊರಿದರು.

"ಮಂಡಿ ನೋವು ಅಂದಿದ್ದು ಸುಳ್ಳು," ಎಂದರು. "ನಮ್ಮವ್ವ ಸೀರುಡಿಕೆ ಆಗಿ ಬಂದವಳು. ನಾನು ಸೀರುಡಿಕೆ ಮಗ."

ನಗು ನಿಂತಿತು. ಹೊರಗೆ ವಾಲಗದವರು ಶ್ರುತಿ ನೋಡಿಕೊಳ್ಳುತ್ತಿದ್ದದ್ದು ಕೇಳಿಸಿತು.

"ಏನ್ ಹೇಳ್ತಿದೀರಿ ಬೀಗರೇ?" ಎಂದು ಉದಯಕುಮಾರ್ ಒಳಗೆ ಬಂದರು. "ಹಳೇಬೀಡಲ್ಲಿ ಎಲ್ಲರ ಮುಂದೆ ನೀವೇ ಅಲ್ವಾ..."

"ನಾನೇ. ಅವತ್ತು ಇವಳು ಎದ್ದುನಿಂತು ಕೇಳಿದ್ದು ತನ್ನ ವಿಷಯಾನೇ. ಪುಸ್ತಕದಲ್ಲಿ ಮತ್ತೆ ಮದುವೆ ಆಗಬಹುದು ಅಂತಾನೂ ಇತ್ತು. ಅದನ್ನ ನಾನು ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

"ನಾಚಿಕೆ," ಎಂದರು ಅಪ್ಪ. "ಆಗ ಇವಳ ಮೇಲೆ. ಈಗ ನನ್ನ ಮೇಲೆ."

ಉದಯಕುಮಾರ್ ಹಿಂದಿದ್ದ ಬಾಗಿಲನ್ನು ಮುಂದೆ ಮಾಡಿದರು. ಆಮೇಲೆ, "ಸಂಬಂಧ ಮಾತಾಡುವಾಗಲೇ ಹೇಳಬೇಕಿತ್ತು," ಎಂದರು. ಆ ಮಾತು ನ್ಯಾಯವಾದದ್ದೇ. ಅಪ್ಪ ಹೌದೆಂದು ತಲೆ ಆಡಿಸಿದರು. ಉದಯಕುಮಾರ್ ಗಂಡಿನ ತಂದೆಯಾದ ತಮ್ಮ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಲು ಹೊರಗೆ ಹೋದರು. ಅಷ್ಟು ಹೊತ್ತೂ ಅಕ್ಕ ಮಣೆಯ ಮೇಲೆ ಕೂತೇ ಇದ್ದಳು, ಅಜ್ಜಿ ನಿಂತೇ ಇದ್ದಳು. ಬಟ್ಟಲನ್ನು ತೆಗೆದುಕೊಳ್ಳಲು ನಾನು ಹೋದರೆ ಕೊಡಲಿಲ್ಲ.

ಉದಯಕುಮಾರ್ ಬಂದು ಯಾರ ಮುಖವನ್ನೂ ನೋಡದೆ ಹೇಳಿದರು: "ಹುಡುಗ ಮದುವೆ ನಿಲ್ಲೋ ಮಾತೇ ಇಲ್ಲ ಅಂದ. ಮದುವೆ ನಡೆಯುತ್ತೆ. ಆದ್ರೆ ನಿಮ್ಮ ತಾಯಿ ನಿಂತ್ರೆ ನಮ್ಮ ಹೆಂಗಸರು ಈ ಶಾಸ್ತ್ರಕ್ಕೆ ನಿಲ್ಲಲ್ಲ. ಏನು ಮಾಡ್ತೀರೋ ನೀವೇ ತೀರ್ಮಾನ ಮಾಡಿ."

ಇಲ್ಲಿ ಶಾಲೂ ಇಲ್ಲ, ಎತ್ತರದ ಕುರ್ಚಿಯೂ ಇಲ್ಲ. ಅಪ್ಪ ಅಜ್ಜಿಯ ಹತ್ತಿರ ಹೋಗಿ, "ಬಾ ಅವ್ವ," ಎಂದರು.

ಮಹದೇವಮ್ಮನವರು ಒಂದು ಕ್ಷಣ ತಡೆದು, ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಹೊರಗೆ ಹೋದರು. ನಮ್ಮ ಕಡೆಯ ನೆಂಟರಲ್ಲಿ ಇಬ್ಬರನ್ನು ಕರೆಯಬೇಕಾಯಿತು. ಮೊದಲು ಕರೆದವರು ಬರಲಿಲ್ಲ, ಅಡಿಗೆಮನೆಯಲ್ಲಿ ಕೆಲಸವಿದೆ ಎಂದರು. ಆಮೇಲೆ ಇಬ್ಬರು ಬಂದರು. ಹೀಗೆ ಐವರಾದರು.

ಅಜ್ಜಿಯ ಸರದಿ ಮೊದಲು. ಅವಳು ಎಣ್ಣೆಯಲ್ಲಿ ಗರಿಕೆ ಅದ್ದಿ ಹಿಡಿದವಳು ಹಾಗೇ ನಿಂತುಬಿಟ್ಟಳು. ಅಮ್ಮನ ಕಡೆ ತಿರುಗಿ ಮೆಲ್ಲಗೆ, "ಮೊದ್ಲು ತಲೆಗೋ, ಪಾದಕ್ಕೋ?" ಎಂದು ಕೇಳಿದಳು.

ಜಾವಗಲ್ಲಿನಲ್ಲಿ ಎಷ್ಟು ಮದುವೆಗಳಿಗೆ ಅಜ್ಜಿ ಹೋಗಿದ್ದಾಳೋ ಲೆಕ್ಕವಿಲ್ಲ. ಎಲ್ಲ ಮದುವೆಗಳಲ್ಲೂ ಹಿತ್ತಲಲ್ಲಿ ಕೂತು ತರಕಾರಿ ಹೆಚ್ಚಿದ್ದಳು, ಅಕ್ಕಿ ತೊಳೆದಿದ್ದಳು. ಎಣ್ಣೆ ಹಚ್ಚುವುದು ಯಾವ ಕ್ರಮದಲ್ಲಿ ಎಂದು ದೊಡ್ಡವಳಾದ ಮೇಲೆ ಅವಳು ಹತ್ತಿರದಿಂದ ನೋಡಿರಲೇ ಇಲ್ಲ. ಅಮ್ಮ, "ಪಾದಕ್ಕೆ ಅತ್ತೆ. ಆಮೇಲೆ ಮಂಡಿ, ಭುಜ, ಕೊನೇಗೆ ತಲೆ," ಎಂದು ಹೇಳಿಕೊಟ್ಟಳು. ಅಜ್ಜಿ ಹಾಗೇ ಮಾಡಿದಳು. ಚಿಕ್ಕ ಮಕ್ಕಳು ಅಕ್ಷರ ತಿದ್ದುವಾಗ ಮಾಡುವಂತೆ ತುಟಿ ಕಚ್ಚಿಕೊಂಡು, ಒಂದನ್ನೂ ತಪ್ಪಿಸದೆ ಮಾಡಿದಳು. ಅಪ್ಪ ಅಷ್ಟು ನೋಡಿ ಮುಖ ತಿರುಗಿಸಿಕೊಂಡರು.

ಎಲ್ಲ ಮುಗಿದ ಮೇಲೆ ಅಜ್ಜಿ ಕೈ ಒರೆಸಿಕೊಳ್ಳುತ್ತ ಅಪ್ಪನ ಮುಂದೆ ಹಾದುಹೋಗುವಾಗ ನಿಂತಳು.

"ಮಂಡಿ ನೋವು ಅಂದ್ಯಲ್ಲ. ಇಷ್ಟು ಕಾಲ ಒಂದಿನ ಆದ್ರೂ ಕೇಳಿದ್ದೀಯಾ, ನನ್ ಮಂಡಿ ಹೆಂಗೈತೆ ಅಂತ?"

"ಹೆಂಗೈತೆ ಅವ್ವ?"

"ನೋಯ್ತೈತೆ," ಎಂದು ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

ಅಪ್ಪ ಅವಳ ಪಕ್ಕದಲ್ಲಿ ಕೂರಲು ಬಗ್ಗಿದರು. ಅಷ್ಟರಲ್ಲಿ ಗಂಡಿನ ದಿಬ್ಬಣವನ್ನು ಎದುರುಗೊಳ್ಳಲು ಹೆಣ್ಣಿನ ತಂದೆ ಬೇಕೆಂದು ಹೊರಗಿನಿಂದ ಕೂಗಿದರು. ಅವರು ಎದ್ದು, ಪಂಚೆ ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ ನಡೆದರು.